ಮೂವತ್ತು ಎಂಬಿಯ ಕುಸ್ತಿ

ಹಳಿಯಾಳದ ಬಸ್ ಸ್ಟ್ಯಾಂಡಿನಿಂದ ನಾಲ್ಕು ಅಂಗಡಿ ದಾಟಿದರೆ ಸಂಜೀವಕುಮಾರನ ಸ್ಟುಡಿಯೋ. ಹದಿನೆಂಟು ವರ್ಷಗಳಿಂದ ಆತ ಮದುವೆಗಳ ವಿಡಿಯೋ ತೆಗೆಯುತ್ತ ಬಂದಿದ್ದಾನೆ. ಈ ಹದಿನೆಂಟು ವರ್ಷಗಳಲ್ಲಿ ಕಲಿತ ವಿದ್ಯೆಯನ್ನೆಲ್ಲ ಹಿಂಡಿದರೆ ಉಳಿಯುವುದು ಒಂದೇ ಮಾತು: ಯಾರ ಮುಖವೂ ಬಿಟ್ಟುಹೋಗಬಾರದು. ತಾಳಿ ಕಟ್ಟುವ ಗಳಿಗೆ ಒಂದಿಷ್ಟು ಮಸುಕಾದರೂ ಮಂದಿ ಸುಮ್ಮನಿರುತ್ತಾರೆ. ಹುಡುಗಿಯ ದೊಡ್ಡಪ್ಪನ ಮುಖ ಕಾಣದೇ ಹೋಯಿತೋ, ಆ ಮನೆಯ ಅಂಗಳದಲ್ಲಿ ಮತ್ತೆ ಕ್ಯಾಮೆರಾ ಹಿಡಿದು ನಿಲ್ಲುವ ಹಾಗಿಲ್ಲ. ಹಿಂದೊಮ್ಮೆ ಮುಂಡಗೋಡದ ಮದುವೆಯಲ್ಲಿ ಬೀಗರ ಕಡೆಯ ಇಬ್ಬರು ಅತ್ತೆಯರು ಬಿಟ್ಟುಹೋಗಿ, ಮುಂದೆ ಮೂರು ವರ್ಷ ಆತ ಆ ಊರಿನ ಪೇಟೆಯಲ್ಲಿ ತಲೆ ತಗ್ಗಿಸಿ ಓಡಾಡಿದ್ದುಂಟು. ಅಂದಿನಿಂದ ಆತ ಕಲಿತ ಪಾಠ ಗಟ್ಟಿಯಾಯಿತು. ತುಸು ಹೆಚ್ಚೇ ಗಟ್ಟಿಯಾಯಿತು ಅನ್ನಬೇಕು.

ಇಂಥವನ ಕೈಗೆ ಕುಸ್ತಿಯ ವಿಡಿಯೋ ಬಂತು.

ಊರಿನ ಗರಡಿ ಮನೆಯಲ್ಲಿ ಹನ್ನೆರಡು ಹುಡುಗಿಯರು ಕುಸ್ತಿ ಕಲಿಯುತ್ತಿದ್ದರು. ಬೆಳಗಾವಿಯ ಹತ್ತಿರ ಒಂದು ದೊಡ್ಡ ತರಬೇತಿ ಶಿಬಿರ. ಅಲ್ಲಿ ಸೇರಿದರೆ ವಸತಿ, ಊಟ, ಓದು, ಮ್ಯಾಟಿನ ಮೇಲಿನ ಕುಸ್ತಿ ಎಲ್ಲ ಅಲ್ಲಿಯೇ. ಈ ಸಲ ಆಯ್ಕೆಗೆ ಯಾರೂ ಅಲ್ಲಿಗೆ ಹೋಗಬೇಕಾಗಿಲ್ಲ. ಒಬ್ಬೊಬ್ಬಳದು ಮೂರು ಕುಸ್ತಿಗಳ ವಿಡಿಯೋ ಶಿಬಿರದ ವೆಬ್‌ಸೈಟಿಗೆ ಏರಿಸಬೇಕು. ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ತುಂಡರಿಸಿರಬಾರದು, ಮತ್ತು ಒಂದು ಫೈಲು ಮೂವತ್ತು ಎಂಬಿ ದಾಟಬಾರದು. ಕೊನೆಯ ದಿನ ಗುರುವಾರ, ಸಂಜೆ ಆರು ಗಂಟೆ. ಇಷ್ಟನ್ನೂ ವಸ್ತಾದ ರುದ್ರೇಶ, ಅಂದರೆ ಹುಡುಗಿಯರಿಗೆ ಕುಸ್ತಿ ಕಲಿಸುವ ಗುರು, ಸ್ಟುಡಿಯೋಕ್ಕೆ ಬಂದು ಬೆರಳು ಮಡಿಸಿ ಮಡಿಸಿ ಹೇಳಿ ಹೋಗಿದ್ದ.

ಆ ಹನ್ನೆರಡು ಹುಡುಗಿಯರಲ್ಲಿ ಒಬ್ಬಳು ಸಹನಾ, ಸಂಜೀವಕುಮಾರನ ಅಕ್ಕನ ಮಗಳು. ಅವಳಪ್ಪ ದುರ್ಗಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಪಾಳಿಯ ಕೆಲಸದವನು. ಮಗಳನ್ನು ದಿನಾ ಬೆಳಗಿನ ಐದಕ್ಕೆ ಗರಡಿಗೆ ಕಳಿಸಲು ಅಲ್ಲಿಂದ ಆಗದೆಂದು ಅಕ್ಕ ಕೈ ಚೆಲ್ಲಿದಾಗ, ‘ನನ್ನ ಮನ್ಯಾಗ ಬಿಡಕ್ಕಾ, ನಾ ನೋಡ್ಕೋತೇನಿ’ ಎಂದು ಎದೆ ಮುಟ್ಟಿಕೊಂಡವನು ಸಂಜೀವಕುಮಾರನೇ. ಮೂರು ವರ್ಷ ಆಯಿತು. ಮುಂದಿನ ತಿಂಗಳು ಸಹನಾಗೆ ಹದಿನೇಳು ತುಂಬುತ್ತದೆ; ಹದಿನೇಳು ತುಂಬಿದವರನ್ನು ಶಿಬಿರ ತೆಗೆದುಕೊಳ್ಳುವುದಿಲ್ಲ. ಉಳಿದ ಹನ್ನೊಂದು ಹುಡುಗಿಯರಿಗೆ ಮುಂದಿನ ವರ್ಷವೂ ಇದೆ. ಇವಳಿಗೆ ಈ ಗುರುವಾರವೇ ಮೊದಲು, ಇದೇ ಕೊನೆ.

ಕುಸ್ತಿ ನಡೆದದ್ದು ಹಿಂದಿನ ಭಾನುವಾರ. ಗರಡಿಯ ಮುಂದಿನ ಬಯಲಿನಲ್ಲಿ ಕಣ. ಕಣದ ಆಚೆ ನಾಲ್ಕು ನೂರು ಮಂದಿ. ಸಂಜೀವಕುಮಾರ ಕಣದ ಈಚೆಗಿನ ಶಾಲೆಯ ತಾರಸಿ ಹತ್ತಿ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ, ಅದರಲ್ಲಿದ್ದ ಅತಿ ದೊಡ್ಡ ಸೆಟ್ಟಿಂಗ್ ಹಾಕಿ, ಒಂದು ಕುರ್ಚಿಯೂ ತಪ್ಪದ ಹಾಗೆ ಇಡೀ ಊರನ್ನು ಚೌಕಟ್ಟಿನೊಳಗೆ ತುಂಬಿದ. ಕಣ ನಡುವೆ ಇತ್ತು, ಎಲ್ಲಿಗೆ ಹೋಗುತ್ತದೆ. ಒಂದೊಂದು ಫೈಲು ಮೂರೂವರೆ ಜಿಬಿ ಆಯಿತು. ಇಂಥವನಿಗೆ ವಿಡಿಯೋ ಸಣ್ಣದು ಮಾಡುವುದೆಂದರೆ ಹೋಳಿಗೆಯಿಂದ ಹೂರಣ ತೆಗೆದುಹಾಕುವಷ್ಟು ಸಂಕಟ. ಸೋಮವಾರ ಮುಂದೂಡಿದ, ಮಂಗಳವಾರ ಒಂದು ಸೀಮಂತವಿತ್ತು, ಬುಧವಾರ ಯಾಕೆ ಮಾಡಲಿಲ್ಲವೆಂದು ಆತನಿಗೂ ಗೊತ್ತಿಲ್ಲ.

ಗುರುವಾರ ಬೆಳಗಿನ ಎಂಟಕ್ಕೆ ಕೊನೆಗೂ ಕಂಪ್ಯೂಟರಿನ ಮುಂದೆ ಕುಳಿತು ಮೂವತ್ತಾರು ಫೈಲುಗಳನ್ನೂ ಸಾಲಿಗೆ ಹಚ್ಚಿದ. ‘ಪ್ರತಿಯೊಂದೂ ಮೂವತ್ತು ಎಂಬಿಯೊಳಗೆ’ ಎಂದು ಕೊಟ್ಟು ಗುಂಡಿ ಒತ್ತಿದರೆ ಆಯಿತು. ಒಂದಾದ ಮೇಲೊಂದು ತಾನೇ ಸಣ್ಣದಾಗುತ್ತ ಹೋಗುತ್ತದೆ.

‘ಮದಲ ಒಂದ ಮಾಡಿ ನೋಡ್ರೆಲಾ’ ಎಂದಳು ಹೆಂಡತಿ ನಿರ್ಮಲಾ. ಸ್ಟುಡಿಯೋದಲ್ಲಿ ಆಲ್ಬಮ್ ಜೋಡಿಸುವವಳು ಅವಳು. ಕಂಪ್ಯೂಟರಿನ ಒಳಗುಟ್ಟು ಗಂಡನಿಗಿಂತ ಹೆಚ್ಚು ತಿಳಿದವಳೂ ಅವಳೇ. ಇದು ಇಬ್ಬರಿಗೂ ಗೊತ್ತಿದ್ದು ಒಬ್ಬರೂ ಆಡದ ಮಾತು.

‘ಹದಿನೆಂಟು ವರ್ಷಾತು ಈ ಕೆಲಸಾ ಮಾಡಾಕತ್ತು’ ಎಂದು ಸಂಜೀವಕುಮಾರ ಗುಂಡಿ ಒತ್ತಿ, ಚಹಾ ಕುಡಿಯಲು ಹೋದ.

ಹನ್ನೆರಡರ ಹೊತ್ತಿಗೆ ಮೂವತ್ತಾರೂ ತಯಾರಾದವು. ಇಪ್ಪತ್ತೊಂಬತ್ತು ಎಂಬಿ, ಇಪ್ಪತ್ತೊಂಬತ್ತು ಚಿಲ್ಲರೆ, ಒಂದೂ ಮೂವತ್ತು ದಾಟಿಲ್ಲ. ಆತ ಎದೆಯುಬ್ಬಿಸಿಕೊಂಡು, ಗರಡಿಯಿಂದ ಬಂದು ರೊಟ್ಟಿ ತಿಂದು ಸ್ಟುಡಿಯೋಕ್ಕೆ ಬಂದ ಸಹನಾಳ ಫೋನಿಗೆ ಅವಳ ಮೂರು ವಿಡಿಯೋ ಹಾಕಿಕೊಟ್ಟ. ಅವಳು ನಿಂತೇ ನೋಡಿದಳು. ಒಂದು ಮುಗಿಸಿ ಎರಡನೆಯದು ಹಾಕಿದಳು. ಫೋನನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು.

‘ಮಾಮಾ’ ಎಂದಳು ಮೆಲ್ಲಗೆ, ‘ಇದರಾಗ ನಾ ಯಾವಾಕಿ?’

ಸಂಜೀವಕುಮಾರ ಫೋನು ಕಸಿದು ನೋಡಿದ. ಮಣ್ಣಿನ ಕುಸ್ತಿಯಲ್ಲಿ ಹಿಡಿತ ಜಾರದಿರಲೆಂದು ಮೊದಲು ಇಬ್ಬರೂ ಕಣದ ಕೆಂಪು ಮಣ್ಣನ್ನು ಒಬ್ಬರ ಮೈಗೊಬ್ಬರು ಉಜ್ಜುತ್ತಾರೆ. ಮಣ್ಣೂ ಕೆಂಪು, ಹುಡುಗಿಯರೂ ಕೆಂಪು. ಸಣ್ಣದಾಗುವ ಭರದಲ್ಲಿ ಕಂಪ್ಯೂಟರು ಆ ಕೆಂಪನ್ನೆಲ್ಲ ಕಲಸಿ ಒಂದೇ ಮುದ್ದೆ ಮಾಡಿ ಇಟ್ಟಿತ್ತು. ಮುದ್ದೆಗೆ ನಾಲ್ಕು ಕಾಲು ಇದ್ದವು. ಯಾರ ಕಾಲು ಯಾವುದು ಎಂದು ಹೆತ್ತ ತಾಯಿಯೂ ಹೇಳುವ ಹಾಗಿರಲಿಲ್ಲ. ಹಿಂದೆ ಕುಳಿತವರ ಬಿಳಿ ಟೊಪ್ಪಿಗೆ, ಬಣ್ಣದ ಛತ್ರಿ, ಬೀಸುವ ಕೈಗಳು ಮಾತ್ರ ಎದ್ದು ಕಾಣುತ್ತಿದ್ದವು.

ಆತ ಫೋನನ್ನು ಸಹನಾಳ ಕೈಗೆ ಮರಳಿಸಿದ. ಅಕ್ಕನ ಮುಂದೆ ಎದೆ ಮುಟ್ಟಿಕೊಂಡದ್ದು ನೆನಪಾಯಿತು. ಗಡಿಯಾರ ನೋಡಿದ, ಹನ್ನೆರಡೂವರೆ. ಸಹನಾ ಅಳಲಿಲ್ಲ, ಕೂಗಾಡಲಿಲ್ಲ. ಕೈ ಕಟ್ಟಿಕೊಂಡು ನಿಂತಳು. ಅದನ್ನು ನೋಡುವುದು ಆತನಿಗೆ ಅವಳ ಅಳು ನೋಡುವುದಕ್ಕಿಂತ ಕಷ್ಟವಾಯಿತು.

ನಿರ್ಮಲಾ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತಳು. ಸಣ್ಣದೊಂದನ್ನೂ ದೊಡ್ಡದೊಂದನ್ನೂ ಅಕ್ಕಪಕ್ಕ ಇಟ್ಟು ನೋಡಿದಳು.

‘ತಿಳೀತು ಬಿಡ್ರಿ’ ಎಂದಳು. ‘ಮೂವತ್ತು ಎಂಬಿ ಅಂದ್ರ ಒಂದ ಪಾತೇಲಿ ಹುಗ್ಗಿ ಇದ್ಧಂಗ. ಯಾರ ಅಳಗ್ಯಾಡತಾರ ಅವರಿಗೆಲ್ಲಾ ಅದು ಒಂದೊಂದ ಸೌಟ ನೀಡ್ಕೋತ ಹೋಗತೈತಿ. ನೀವು ನಾಕ್ನೂರ ಮಂದೀನ ಪಂಕ್ತಿಗೆ ಕುಂದ್ರಿಸೀರಿ, ಎಲ್ಲಾರೂ ಕೈ ಬೀಸಾಕತ್ತಾರ. ಅವರಿಗೆ ನೀಡೂದ್ರಾಗ ಪಾತೇಲಿ ಖಾಲಿ. ಹುಡಿಗ್ಯಾರಿಗೆ ಉಳದದ್ದು ತಳದ ಸೀಕಲು.’

‘ಮತ್ತ ಹೆಂಗ ಮಾಡೂದು?’

‘ಪಂಕ್ತಿ ಎಬ್ಬಸೂದು. ಕಣಾ ಅಷ್ಟ ಇಟಗೊಂಡು ಉಳದದ್ದೆಲ್ಲಾ ಸುತ್ತ ಕತ್ತರಿಸಿ ಬಿಡೂಣು. ಕುಸ್ತಿ ಮಾತ್ರ ಎಲ್ಲೂ ತುಂಡಾಗಂಗಿಲ್ಲ. ನೀವು ಅಷ್ಟ ದೊಡ್ಡದು ತಗದದ್ದಕ್ಕ ಕಣಾ ಒಂದ ಇಟ್ಟರೂ ಸ್ವಚ್ಛ ಕಾಣತೈತಿ. ಪುಣ್ಯಾ ಮಾಡೀರಿ ನೋಡ್ರಿ.’

ಹೊಗಳಿಕೆ ಆತನಿಗೆ ತಟ್ಟಲಿಲ್ಲ. ನಾಲ್ಕು ನೂರು ಮುಖ. ಇಬ್ಬರು ಅತ್ತೆಯರಿಗೇ ಮೂರು ವರ್ಷ ಆಗಿತ್ತು. ನಾಲ್ಕು ನೂರಕ್ಕೆ ಎಷ್ಟಾಗಬಹುದು ಎಂದು ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿತು. ಆ ನಾಲ್ಕು ನೂರರ ನಡುವೆ, ಮೊದಲ ಸಾಲಿನ ನಟ್ಟನಡುವೆ, ನಾಗಲಿಂಗಪ್ಪ ಕಾಕಾ.

ನಾಗಲಿಂಗಪ್ಪನೆಂದರೆ ಗರಡಿ ಕಮಿಟಿಯ ಹಿರಿಯ. ಪೇಟೆಯಲ್ಲಿ ಭತ್ತದ ವ್ಯಾಪಾರ ಮಾಡಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟವನು, ಹರೆಯದಲ್ಲಿ ಪೈಲ್ವಾನ. ಮೂರು ವರ್ಷದ ಹಿಂದೆ, ಹುಡುಗಿಯರನ್ನು ಗರಡಿಯೊಳಗೆ ಬಿಡುವುದೇ ಎಂದು ಊರು ಎರಡು ಪಾಲಾದಾಗ, ‘ಗರಡ್ಯಾಗಿನ ಹನುಮಪ್ಪ ದೇವರ ಏನೂ ಅನ್ನಂಗಿಲ್ಲ, ನಿಮಗ್ಯಾಕ ಉರಿ’ ಎಂದು ಬಾಗಿಲ ಬೀಗ ತೆಗೆಸಿದ ಗಟ್ಟಿ ಕುಳ. ಎಲ್ಲ ಸರಿ. ಆದರೆ ಆತನಿಗೆ ಒಂದು ದೌರ್ಬಲ್ಯ. ಫೋಟೋ ಎಂದರೆ ಪ್ರಾಣ. ಗುರುವಾರ ಮಧ್ಯಾಹ್ನ ಊಟ ಮುಗಿಸಿ ವಿಡಿಯೋ ನೋಡಲು ಬರುತ್ತೇನೆ ಎಂದು ಮೂರು ದಿನದಿಂದ ಹೇಳಿ ಕಳಿಸುತ್ತಿದ್ದ.

ನೆನೆಯುತ್ತಿದ್ದ ಹಾಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಪ್ಪಳವಾಯಿತು.

‘ಏನ ಸಂಜು, ಸಿನೆಮಾ ತಯಾರಾತೇನು?’ ಎನ್ನುತ್ತ ಕಾಕಾ ಒಳಗೆ ಬಂದು, ಕೇಳದೆಯೇ ಒಳ್ಳೆಯ ಕುರ್ಚಿ ಹಿಡಿದ. ಪರದೆಯ ಮೇಲೆ ದೊಡ್ಡ ವಿಡಿಯೋ ತೆರೆದೇ ಇತ್ತು. ‘ಏ, ಏ, ನಿಂದರಸು. ಅಲ್ಲೆ ನೋಡು.’

ಮೊದಲ ಸಾಲಿನಲ್ಲಿ ಗದ್ದ ಮೇಲೆತ್ತಿ, ಮೀಸೆಯ ಮೇಲೆ ಕೈಯಿಟ್ಟು ಕಾಕಾ ಕುಳಿತಿದ್ದ. ಪಕ್ಕದಲ್ಲಿ ಹೆಂಡತಿ ಶಂಕ್ರವ್ವ, ಸೆರಗು ಸರಿಮಾಡಿಕೊಂಡು.

‘ಛಲೋ ಬಂದೇನಿ’ ಎಂದ ಕಾಕಾ, ನಿಜವಾದ ಸಂತೋಷದಿಂದ. ‘ಇಕೀನೂ ಛಲೋ ಬಂದಾಳ. ಬೆಳಗಾವಿ ಮಂದಿ ನೋಡಲಿ, ಹಳಿಯಾಳದ ಗರಡಿ ಹಿರೇರು ಹೆಂಗ ಅದಾರಂತ.’

ಸಂಜೀವಕುಮಾರ ನಿರ್ಮಲಾಳ ಮುಖ ನೋಡಿದ. ನಿರ್ಮಲಾ ಗೋಡೆ ನೋಡಿದಳು.

‘ಅಜ್ಜಾರ, ನಿಮ್ಮನ್ನ ಕತ್ತರಸಬೇಕಾಗೇತ್ರಿ’ ಎಂದಳು ಸಹನಾ.

‘ನನ್ನ?’

‘ಎಲ್ಲಾರನೂ ರಿ. ನಿಮ್ಮನ್ನ ಇಟಗೊಂಡ್ರ ನಾವು ಕಾಣಂಗಿಲ್ಲ.’ ಫೋನಿನಲ್ಲಿದ್ದ ಕೆಂಪು ಮುದ್ದೆಯನ್ನು ತೋರಿಸಿದಳು. ‘ಇದರಾಗ ಒಬ್ಬಾಕಿ ನಾನು. ಯಾವಾಕಿ ಹೇಳ್ರಿ ನೋಡೂಣು.’

ಕಾಕಾ ಫೋನು ನೋಡಿದ, ಪರದೆ ನೋಡಿದ. ಮುಖ ಬಿಗಿಯಿತು. ‘ಅಲ್ಲವ್ವಾ, ಕಣಾ ಕಟ್ಟಿಸಿದವರ್ಯಾರು? ಕುರ್ಚಿ ಹಾಕಿಸಿದವರ್ಯಾರು? ಕುಸ್ತಿ ಅಂದ್ರ ಬರೇ ಇಬ್ಬರದೇನು? ನೋಡೂ ಮಂದಿ ಇಲ್ಲಂದ್ರ ಅದು ಕುಸ್ತಿ ಹೆಂಗ ಆಕ್ಕೈತಿ?’

ಅದು ಸುಳ್ಳಲ್ಲ ಎಂದು ಸಂಜೀವಕುಮಾರನಿಗೂ ಅನ್ನಿಸಿತು. ಸಹನಾ ಮಾತ್ರ ಬಗ್ಗಲಿಲ್ಲ. ‘ಹಂಗಾರ ನೋಡ್ರಿ’ ಎಂದು ನಿರ್ಮಲಾಳಿಂದ ಮೌಸು ತೆಗೆದುಕೊಂಡು ತನ್ನ ಮೂರನೆಯ ಕುಸ್ತಿಯ ದೊಡ್ಡ ಫೈಲನ್ನೇ ಹಚ್ಚಿದಳು. ಎದುರಾಳಿ ಜೋಯಿಡಾ ಕಡೆಯಿಂದ ಬಂದ ಹುಡುಗಿ, ಇವಳಿಗಿಂತ ಒಂದು ಗೇಣು ಎತ್ತರ. ಹಲಗೆ ವಾದ್ಯದ ಬಡಿತ, ಸೀಟಿ. ಕಾಕಾ ತದೇಕಚಿತ್ತದಿಂದ ನೋಡುತ್ತ ಕುಳಿತ. ಒಂದು ನಿಮಿಷ, ಎರಡು ನಿಮಿಷ. ಅಷ್ಟರಲ್ಲಿ ಸ್ಪೀಕರಿನಿಂದ ಸಂಜೀವಕುಮಾರನ ದನಿಯೇ ಮೈಕಿನಲ್ಲಿ ಮೊಳಗಿತು: ‘ಎಲ್ಲಾರೂ ಮ್ಯಾಲ ನೋಡ್ರಿ, ಸ್ವಲ್ಪ ನಗ್ರಿ, ಹಿಂದಿನ ಸಾಲಿನವರು ಕೈ ಮಾಡ್ರಿ.’ ನಾಲ್ಕು ನೂರು ಗದ್ದಗಳು ಒಟ್ಟಿಗೆ ಮೇಲೆದ್ದವು. ನಾಲ್ಕು ನೂರು ಮಂದಿ ನಕ್ಕರು. ಹಲಗೆ ಒಮ್ಮೆಲೇ ಜೋರಾಯಿತು.

‘ಮುಗೀತ್ರಿ’ ಎಂದಳು ಸಹನಾ.

‘ಏನು ಮುಗೀತು?’

‘ಕುಸ್ತಿ. ನಾ ಆಕೀನ ಎತ್ತಿ ಒಗದೆ.’

‘ಯಾವಾಗ?’

‘ಈಗ.’

ಕಾಕಾ ಪರದೆಯತ್ತ ಬಗ್ಗಿದ. ಇಷ್ಟು ಹೊತ್ತೂ ಆತ ನೋಡುತ್ತಿದ್ದದ್ದು ತನ್ನ ಮುಖವನ್ನೇ. ಸಹನಾ ಹಿಂದಕ್ಕೆ ತಂದು, ಆ ಗಳಿಗೆಯಲ್ಲಿ ನಿಲ್ಲಿಸಿದಳು. ಕಣದ ನಡುವೆ ಒಬ್ಬ ಹುಡುಗಿ ಗಾಳಿಯಲ್ಲಿದ್ದಳು. ಆ ನಾಲ್ಕು ನೂರರಲ್ಲಿ ಒಬ್ಬರ ಕಣ್ಣೂ ಅವಳ ಮೇಲಿರಲಿಲ್ಲ. ಎಲ್ಲರೂ ಶಾಲೆಯ ತಾರಸಿಯನ್ನು ನೋಡುತ್ತಿದ್ದರು.

‘ಭಾನುವಾರನೂ ನೋಡಿಲ್ಲಲ್ಲಾ ನಾ’ ಎಂದ ಕಾಕಾ. ‘ಹಲಗಿ ಬಡದಿಂದ ಚಪ್ಪಾಳಿ ಹೊಡದ್ನಿ. ಮೂರ ವರ್ಷ ಊರ ತುಂಬಾ ಬೈಸ್ಗೊಂಡು ನಿಮ್ಮನ್ನ ಗರಡ್ಯಾಗ ತಂದ ನಿಲ್ಲಿಸಿ, ಇವತ್ತಿನ ಮಟಾ ನಿನ್ನ ಒಂದ ಪಟ್ಟು, ಒಂದ ಡಾವ್ ನೋಡಿಲ್ಲ ನೋಡವ್ವಾ.’

ಸಂಜೀವಕುಮಾರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೈಕು ಹಿಡಿದವನು ತಾನು. ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ‘ಈ ಕಡೆ ನೋಡ್ರಿ’ ಅನ್ನುವ ಬಾಯಿ, ಕುಸ್ತಿಯಲ್ಲೂ ಸರಿಯಾಗಿ ಒಗೆಯುವ ಹೊತ್ತಿಗೇ ತೆರೆದುಕೊಂಡಿತ್ತು.

‘ಕತ್ತರಸು’ ಎಂದ ಕಾಕಾ. ‘ಎಲ್ಲಾರನೂ ಕತ್ತರಸು. ಮದಲ ನನ್ನ.’

ಈ ಸಲ ನಿರ್ಮಲಾ ಒಂದೇ ಫೈಲನ್ನು, ಬೆಳಗ್ಗೆ ನಡೆದಿದ್ದ ಸಹನಾಳ ಮೊದಲ ಕುಸ್ತಿಯನ್ನು, ಮಾಡಿ ನೋಡಿದಳು. ಕಣದ ಸುತ್ತ ಗೆರೆ ಎಳೆದು, ಹೊರಗಿನದನ್ನೆಲ್ಲ ತೆಗೆದುಹಾಕಿದಳು. ಸದ್ದನ್ನೂ ಪೂರ್ತಿ ಅಳಿಸಿದಳು. ಅದೂ ಒಂದು ಸೌಟು ಹುಗ್ಗಿ ತಿನ್ನುತ್ತಿತ್ತು. ಐದು ನಿಮಿಷದಲ್ಲಿ ತಯಾರಾದದ್ದನ್ನು ಸಹನಾಳ ಫೋನಿಗೆ ಹಾಕಿದಾಗ ಪ್ರಶ್ನೆ ಬಂತು: ಇಷ್ಟು ಸಾಕೆಂದು ಹೇಳುವವರು ಯಾರು? ಸಂಜೀವಕುಮಾರನ ಕಣ್ಣಿಗೆ ಸಣ್ಣದೆಲ್ಲವೂ ಕೆಟ್ಟದ್ದೇ. ಸಹನಾಗೆ ತನ್ನ ಕುಸ್ತಿ ಕಣ್ಣು ಮುಚ್ಚಿದರೂ ಕಾಣುತ್ತದೆ.

‘ಇಲ್ಲಿ ತಾ’ ಎಂದ ಕಾಕಾ. ‘ಬೆಳಗಾವ್ಯಾಗ ಕುಂತ ನೋಡಾಂವ ಏನ ನೋಡತಾನ? ಚಿತ್ ಆದದ್ದು ಕಾಣಬೇಕು. ಎರಡೂ ಹೆಗಲಾ ಮಣ್ಣಿಗಿ ಹತ್ತಿದ್ದು ನನಗ ಕಂಡ್ರ, ಯಾರಿಗಾದ್ರೂ ಕಾಣತೈತಿ. ನನ್ನ ಬಲಗಣ್ಣಿಗಿ ಹೋದ ವರ್ಷ ಆಪರೇಷನ್ ಆಗೇತಿ, ಎಡಗಣ್ಣಿಗಿ ಇನ್ನೂ ಪೊರಿ ಐತಿ. ಇದಕ್ಕಿಂತಾ ಛಲೋ ಪರೀಕ್ಷಾ ಎಲ್ಲಿ ಸಿಗತೈತಿ ನಿನಗ?’

ಫೋನನ್ನು ಮೊಳದಷ್ಟು ದೂರ ಹಿಡಿದು ನೋಡಿದ. ಕೆಂಪು ಮಣ್ಣಿನ ಮೇಲೆ ಕೆಂಪು ಹುಡುಗಿಯರು ಈಗ ಇಬ್ಬರಾಗಿದ್ದರು. ನೀಲಿ ಅಂಗಿಯವಳು ಮೊಣಕಾಲಿಗೆ ಕೈ ಹಾಕಿದಳು, ಹಸಿರು ಅಂಗಿಯವಳು ಜಾರಿಸಿಕೊಂಡಳು. ‘ಎಡಗೈ, ಎಡಗೈ’ ಎಂದು ಕಾಕಾ ತನ್ನಷ್ಟಕ್ಕೆ ಗೊಣಗಿದ. ಆಮೇಲೆ, ‘ಚಿತ್’ ಎಂದ. ‘ನಡೀತು. ಹಚ್ಚು ಎಲ್ಲಾನೂ.’

ಪೌಣೆ ಎರಡಕ್ಕೆ, ಅಂದರೆ ಒಂದೂ ಮುಕ್ಕಾಲಿಗೆ, ಮೂವತ್ತಾರು ಫೈಲುಗಳು ಮತ್ತೆ ಸಾಲಿಗೆ ನಿಂತವು. ಒಂದಕ್ಕೆ ಐದು ನಿಮಿಷ, ಒಟ್ಟು ಮೂರು ಗಂಟೆ. ಪೌಣೆ ಐದಕ್ಕೆ ಮುಗಿಯಬೇಕು. ಒಂದೊಂದು ತಯಾರಾದ ಹಾಗೆ ಮೊದಲು ಕಾಕಾನ ಕೈಗೆ ಹೋಗುತ್ತಿತ್ತು. ಆತ ‘ಚಿತ್’ ಎಂದ ಮೇಲೆ ನಿರ್ಮಲಾ ಇನ್ನೊಂದು ಕಂಪ್ಯೂಟರಿನಿಂದ ಶಿಬಿರದ ವೆಬ್‌ಸೈಟಿಗೆ ಏರಿಸುತ್ತಿದ್ದಳು. ಸಹನಾ ಯಾವ ಹುಡುಗಿಯದು ಯಾವುದು ಎಂದು ಹೆಸರು ಹೇಳುತ್ತಿದ್ದಳು. ಸಂಜೀವಕುಮಾರನಿಗೆ ಉಳಿದದ್ದು ಚಹಾ ತರುವ ಕೆಲಸ. ಆತ ಮೂರು ಸಲ ತಂದ.

ಅಂಗಡಿಯೊಳಗೆ ಒಂದು ಬಗೆಯ ಹಬ್ಬವೇ ಶುರುವಾಯಿತು. ಕಾಕಾ ನಾಲ್ಕು ದಿನದ ಹಿಂದೆ ಮುಗಿದುಹೋದ ಕುಸ್ತಿಗಳಿಗೆ ಈಗ ಬುದ್ಧಿ ಹೇಳತೊಡಗಿದ. ‘ಆ ಕಾಲ ಬಿಡಬ್ಯಾಡ ತಂಗಿ. ಬಿಟ್ಟಳು ನೋಡು. ನಾ ಹೇಳಿದ್ನೋ ಇಲ್ಲೋ?’ ಎಂದು ನಿರ್ಮಲಾಳನ್ನೇ ಜಬರಿಸಿದ. ಒಬ್ಬ ಹುಡುಗಿ ಕತ್ತು ಬಿಡಿಸಿಕೊಂಡು ಹಿಂದಿನಿಂದ ಸೊಂಟ ಹಿಡಿದಾಗ ಕುರ್ಚಿಯಿಂದ ಅರ್ಧ ಎದ್ದ. ಬಾಗಿಲಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದವರು ಫೋಟೋ ಮರೆತು ಕಾಕಾನ ಹೆಗಲ ಮೇಲಿಂದ ಇಣುಕಿದರು. ‘ಈಕಿ ಯಾರ ಮಗಳ್ರಿ?’ ಎಂದು ಕೇಳಿದವರಿಗೆ ಕಾಕಾ ತಾನೇ ಹೆತ್ತವನ ಹಾಗೆ ಉತ್ತರ ಕೊಟ್ಟ. ಸಂಜೀವಕುಮಾರ ಚಹಾದ ತಟ್ಟೆ ಹಿಡಿದು ಇದನ್ನೆಲ್ಲ ನೋಡುತ್ತ ನಿಂತ. ಬೆಳಗಿನಿಂದ ಮೊದಲ ಸಲ ಆತ ನಕ್ಕ.

ಇಪ್ಪತ್ತು ಫೈಲು ಸಲೀಸಾಗಿ ಹೋದವು. ಇಪ್ಪತ್ತೊಂದನೆಯದನ್ನು ನೋಡುತ್ತಿದ್ದ ಕಾಕಾ, ‘ಇದರಾಗ ಕುಸ್ತಿ ಇಲ್ಲಲ್ಲೋ’ ಎಂದ. ‘ಬರೇ ಕಾಲ ಅದಾವ.’

ಎಲ್ಲರೂ ಓಡಿಬಂದು ನೋಡಿದರು. ಹೌದು. ಕಣದ ಅರ್ಧ ಮಾತ್ರ ಇತ್ತು. ಹುಡುಗಿಯರ ಸೊಂಟದ ಮೇಲಿನದೆಲ್ಲ ಗೆರೆಯ ಹೊರಗೆ ಹೋಗಿ, ನಾಲ್ಕು ಪಾದಗಳು ಪರದೆಯ ಮೂಲೆಯಲ್ಲಿ ತಕಪಕ ಕುಣಿಯುತ್ತಿದ್ದವು.

‘ಕ್ಯಾಮೆರಾ ಏನರ ಸರಿಸಿದ್ದಿರೇನು?’ ಎಂದಳು ನಿರ್ಮಲಾ.

ಸಂಜೀವಕುಮಾರ ತಲೆ ಕೆರೆದುಕೊಂಡ. ಊಟದ ಬಿಡುವಿನ ಮೇಲೆ ದಾಂಡೇಲಿಯಿಂದ ಒಬ್ಬ ಅತಿಥಿ ತಡವಾಗಿ ಬಂದಿದ್ದ. ಕಣದ ಈಚೆಯ ಬಲ ಮೂಲೆಗೆ ಹಾಕಿದ ಆತನ ಕುರ್ಚಿ ಚೌಕಟ್ಟಿನ ಹೊರಗೆ ಬೀಳುತ್ತಿತ್ತು. ಒಂದು ಮುಖ ಬಿಟ್ಟುಹೋಗುತ್ತದಲ್ಲ ಎಂದು ಸ್ಟ್ಯಾಂಡನ್ನು ಒಂದಿಷ್ಟು ಕೆಳಕ್ಕೆ, ಬಲಕ್ಕೆ ತಿರುಗಿಸಿದ್ದ. ಮಧ್ಯಾಹ್ನದ ಹದಿನಾರು ಕುಸ್ತಿಗಳೂ ಆ ಒಂದು ಮುಖಕ್ಕಾಗಿ ಸರಿದು ಕುಳಿತಿದ್ದವು. ಸಹನಾಳ ಮೂರನೆಯ ಕುಸ್ತಿಯೂ ಅದರಲ್ಲೇ.

ಹೆಂಡತಿ ಬಯ್ಯುತ್ತಾಳೆ ಎಂದು ಕಾದ. ಅವಳು ಬಯ್ಯಲಿಲ್ಲ, ಗಡಿಯಾರ ನೋಡಿದಳು. ಮೂರೂವರೆ ದಾಟಿತ್ತು. ಸಾಲನ್ನು ನಿಲ್ಲಿಸಿ, ಹದಿನಾರಕ್ಕೂ ಹೊಸ ಗೆರೆ ಎಳೆಯಬೇಕು. ಹದಿನಾರು ಐದಲೇ ಎಂಬತ್ತು ನಿಮಿಷ.

‘ಆಗತೈತೇನು ಅತ್ತಿ?’ ಎಂದಳು ಸಹನಾ. ಅವಳ ದನಿ ಅಂದು ಮೊದಲ ಸಲ ಸಣ್ಣದಾಗಿತ್ತು.

‘ಆಗಸೂಣು’ ಎಂದಳು ನಿರ್ಮಲಾ. ‘ರೀ, ಆ ಗೆರಿ ನೀವ ಎಳೀರಿ. ಕಣಾ ಎಲ್ಲಿಂದ ಎಲ್ಲೀ ಮಟಾ ಐತಿ ನಿಮಗ ಗೊತ್ತೈತಿ.’

ಸಂಜೀವಕುಮಾರ ಕುಳಿತ. ಪರದೆಯ ಮೇಲೆ ಇಡೀ ಊರು ಆತನನ್ನೇ ನೋಡಿ ನಗುತ್ತಿತ್ತು. ದಾಂಡೇಲಿಯ ಅತಿಥಿ, ಕಾಕಾ, ಶಂಕ್ರವ್ವ, ತನ್ನ ಸ್ಟುಡಿಯೋದ ಮನೆ ಮಾಲೀಕ, ಮುಂದಿನ ತಿಂಗಳು ಮಗಳ ಮದುವೆ ಇಟ್ಟುಕೊಂಡಿದ್ದ ಕಿರಾಣಿ ಅಂಗಡಿಯವ. ಹದಿನೆಂಟು ವರ್ಷದಲ್ಲಿ ಆತ ಎಂದೂ ಮಾಡದ ಕೆಲಸ. ಗೆರೆಯನ್ನು ಮೂಲೆಯಿಂದ ಹಿಡಿದು ಎಳೆದುಕೊಂಡು ಬಂದ. ಮಾಲೀಕ ಹೋದ, ಕಿರಾಣಿಯವ ಹೋದ, ಅತಿಥಿ ಕುರ್ಚಿಸಮೇತ ಹೋದ. ಕಣದ ಅಂಚಿನ ಸುಣ್ಣದ ಪಟ್ಟಿಯ ಹತ್ತಿರ ಬಂದು ನಿಲ್ಲಿಸಿದ. ಒಳಗೆ ಇಬ್ಬರು ಹುಡುಗಿಯರು ಮಾತ್ರ ಉಳಿದರು. ಆತನಿಗೆ ಅಂಜಿಕೆಯಾಗಲಿಲ್ಲ, ಹಗುರವಾಯಿತು.

ಐದು ಗಂಟೆಗೆ ಐದು ನಿಮಿಷ ಇರುವಾಗ ಮೂವತ್ಮೂರನೆಯದು ಬಂತು. ಸಹನಾ ಅದನ್ನು ಕಾಕಾನ ಕೈಗಿಟ್ಟು ಪಕ್ಕಕ್ಕೆ ಸರಿದಳು. ಈ ಸಲ ಹಲಗೆಯ ಅಬ್ಬರವಿರಲಿಲ್ಲ, ಮೈಕಿನ ದನಿಯಿರಲಿಲ್ಲ. ಅಂಗೈಯಗಲದ ಕೆಂಪು ಕಣ, ಅದರಲ್ಲಿ ಒಬ್ಬಳು ಗಿಡ್ಡ, ಒಬ್ಬಳು ಎತ್ತರ. ಎತ್ತರದವಳು ಕತ್ತಿನ ಮೇಲೆ ಭಾರ ಹಾಕಿ ಇವಳನ್ನು ಬಗ್ಗಿಸುತ್ತ ಬಂದಳು. ಇವಳು ಬಗ್ಗಿದಳು, ಇನ್ನೂ ಬಗ್ಗಿದಳು, ಸೋತೇಬಿಟ್ಟಳು ಅನ್ನುವ ಹಾಗೆ ಒಂದು ಮೊಣಕಾಲು ಮಣ್ಣಿಗೆ ಊರಿದಳು. ಎತ್ತರದವಳು ಅದನ್ನೇ ನಂಬಿ ಮುಂದಕ್ಕೆ ಬಾಗಿದ ಗಳಿಗೆಯಲ್ಲಿ, ಅವಳ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡು ಸಹನಾ ನೆಟ್ಟಗೆ ಎದ್ದಳು. ಕಲ್ಲಿನ ಮೇಲೆ ಕಂಬಳಿ ಒಗೆದ ಹಾಗೆ ಆ ಹುಡುಗಿ ಗಾಳಿಯಲ್ಲಿ ಒಂದು ಸುತ್ತು ಬಂದು ಬೆನ್ನ ಮೇಲೆ ಬಿದ್ದಳು. ಎರಡೂ ಹೆಗಲು ಮಣ್ಣಿಗೆ ಹತ್ತಿದ್ದವು. ಒಂದೊಂದೂ ಬೇರೆ ಬೇರೆ ಕಾಣುತ್ತಿದ್ದವು.

ಕಾಕಾ ‘ಚಿತ್’ ಅನ್ನಲಿಲ್ಲ. ಫೋನು ಹಿಡಿದುಕೊಂಡೇ ಕುಳಿತ.

‘ಕಾಕಾ, ಕಾಣತೈತೇನ್ರಿ?’ ಎಂದ ಸಂಜೀವಕುಮಾರ.

‘ಕಾಣತೈತಿ’ ಎಂದ ಕಾಕಾ. ಕಣ್ಣೊರೆಸಿಕೊಳ್ಳಲು ಅಂಗವಸ್ತ್ರ ಹುಡುಕಿದ. ‘ಮೊಣಕಾಲ ಊರಿ ಮೋಸಾ ಮಾಡತಾಳ ನೋಡು. ನಾ ಹರೇದಾಗ ಹತ್ತ ವರ್ಷ ಬಡದಾಡೀನಿ, ಈ ಡಾವ್ ಒಂದ ಸಲ ಕೂಡಿ ಬರಲಿಲ್ಲ.’ ಮತ್ತೆ ಮೊದಲಿನಿಂದ ಹಚ್ಚಿದ. ನಿರ್ಮಲಾ ‘ಇನ್ನೂ ಮೂರ ಅದಾವ್ರಿ ಕಾಕಾ’ ಎಂದರೂ ಕೇಳಲಿಲ್ಲ. ಕೊನೆಯ ಮೂರನ್ನು ಸಂಜೀವಕುಮಾರನೇ ನೋಡಿ, ತಾನೇ ‘ಚಿತ್’ ಎಂದು ಹೇಳಬೇಕಾಯಿತು.

ಐದೂ ನಲವತ್ತೊಂದಕ್ಕೆ ಮೂವತ್ತಾರನೆಯ ಫೈಲಿನ ಮುಂದೆ ಹಸಿರು ಗುರುತು ಬಿತ್ತು. ನಿರ್ಮಲಾ ಕುರ್ಚಿಗೆ ಒರಗಿ ಕೈ ಮೇಲೆತ್ತಿ ಮೈ ಮುರಿದಳು. ಸಹನಾ ಹೋಗಿ ಅವಳ ಕೊರಳಿಗೆ ಜೋತುಬಿದ್ದಳು, ಆಮೇಲೆ ಮಾಮನ ಕೊರಳಿಗೆ. ಪೈಲ್ವಾನಳ ಅಪ್ಪುಗೆ, ಆತನ ಕತ್ತು ಎರಡು ದಿನ ನೋಯುತ್ತಿತ್ತು. ಆ ನೋವನ್ನು ಆತ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ.

ಹನ್ನೊಂದು ದಿನಕ್ಕೆ ಪಟ್ಟಿ ಬಂತು. ಹಳಿಯಾಳದ ಹನ್ನೆರಡರಲ್ಲಿ ನಾಲ್ವರು, ಎರಡನೆಯ ಹೆಸರು ಸಹನಾ ದುರ್ಗಪ್ಪ. ಜೋಯಿಡಾದ ಆ ಎತ್ತರದ ಹುಡುಗಿಗೂ ಸೀಟು ಸಿಕ್ಕಿತ್ತು. ಬಿದ್ದರೂ ಒಳ್ಳೆಯದಾಗಿಯೇ ಬಿದ್ದಿದ್ದಳು ಅನ್ನಬೇಕು. ಸಹನಾ ಸ್ಟುಡಿಯೋಕ್ಕೆ ಓಡಿಬಂದು ಫೋನು ಮುಂದೆ ಹಿಡಿದಾಗ ಸಂಜೀವಕುಮಾರ ಗಿರಾಕಿಯೊಬ್ಬನ ಗದ್ದ ಸರಿಮಾಡುತ್ತಿದ್ದ. ಗಿರಾಕಿಯನ್ನು ಅಲ್ಲಿಯೇ ಬಿಟ್ಟು ಮೊದಲು ದಾಂಡೇಲಿಗೆ ಅಕ್ಕನಿಗೆ ಫೋನು ಹಚ್ಚಿದ. ಅತ್ತ ಅಕ್ಕ ಅತ್ತಳು, ಇತ್ತ ಈತ ಅತ್ತ. ಮಾತು ಯಾರಿಂದಲೂ ಆಗಲಿಲ್ಲ, ನಿರ್ಮಲಾ ಫೋನು ತೆಗೆದುಕೊಂಡು ಸುದ್ದಿ ಹೇಳಿದಳು.

ಕಾಕಾ ಬರುವಷ್ಟರಲ್ಲಿ ಪೇಟೆಗೆಲ್ಲ ಗೊತ್ತಾಗಿತ್ತು. ಅಂದು ಕತ್ತರಿಸಿಹೋದ ಮಂದಿಯಲ್ಲಿ ಅರ್ಧದಷ್ಟು ಸ್ಟುಡಿಯೋದ ಮುಂದೆ ಸೇರಿದರು. ಸಂಜೀವಕುಮಾರ ಹೆದರಿದ್ದೇ ಬಂತು ಎಂದುಕೊಂಡ. ಆದರೆ ತನ್ನ ಮುಖ ಎಲ್ಲಿ ಎಂದು ಯಾರೂ ಕೇಳಲಿಲ್ಲ. ‘ಆ ಹುಡುಗಿ ಹೆಂಗ ಒಗದಳಂತ ತೋರಸ್ರಿ’ ಎಂದರು. ತಾವು ಅಲ್ಲಿಯೇ ಇದ್ದರೂ ಸರಿಯಾಗಿ ಕಾಣಲಿಲ್ಲವೆಂದು ಒಬ್ಬೊಬ್ಬರೂ ಒಂದೊಂದು ನೆಪ ಹೇಳಿದರು. ಬಿಸಿಲಿತ್ತು, ಮುಂದೆ ಛತ್ರಿ ಇತ್ತು, ಕಣ್ಣಿಗೆ ಧೂಳು ಹೊಕ್ಕಿತ್ತು. ಸಂಜೀವಕುಮಾರ ಯಾರನ್ನೂ ತಿದ್ದಲಿಲ್ಲ. ಇಪ್ಪತ್ತೊಂಬತ್ತು ಎಂಬಿಯ ಆ ಫೈಲು ಒಂದು ತಾಸಿನಲ್ಲಿ ಫೋನಿಂದ ಫೋನಿಗೆ ಹಾರಿ ಊರು ದಾಟಿತು.

‘ಯಾವತ್ತವ್ವಾ ಹೋಗೂದು?’ ಎಂದ ಕಾಕಾ, ಒಳಗಿನ ಒಳ್ಳೆಯ ಕುರ್ಚಿಯಲ್ಲಿ ಕುಳಿತು.

‘ಬರೂ ಸೋಮವಾರ್ರಿ ಅಜ್ಜಾರ. ತಿಂಗಳಿಗೊಮ್ಮೆ ಅಲ್ಲೇ ಕುಸ್ತಿ ಇರತಾವಂತ. ಮನೀ ಮಂದಿ ಬಂದು ನೋಡಬಹುದಂತ್ರಿ.’

‘ನಾ ಬರತೇನಿ.’

‘ಬರ್ರಿ. ಆದ್ರ ಅಲ್ಲೆ ಒಳಗ ಕ್ಯಾಮೆರಾ ಬಿಡಂಗಿಲ್ಲಂತ್ರಿ.’ ಅವಳು ಕೀಟಲೆಯಿಂದ ನಕ್ಕಳು. ‘ಒಂದೂ ಫೋಟೋ ಬರಂಗಿಲ್ಲ ನಿಮ್ದು.’

‘ಫೋಟೋ ಯಾರಿಗಿ ಬೇಕವ್ವಾ’ ಎಂದ ಕಾಕಾ. ‘ನಾ ಕುಸ್ತಿ ನೋಡಾಕ ಬರಾಕತ್ತೇನಿ.’

ಸಂಜೀವಕುಮಾರ ಕ್ಯಾಮೆರಾದ ಕಣ್ಣಿನಲ್ಲಿ ಮುಖಗಳನ್ನು ಎಣಿಸುತ್ತ ಆ ಭಾನುವಾರವೆಲ್ಲ ತಾರಸಿಯ ಮೇಲೆ ನಿಂತವನು. ಅಕ್ಕನ ಮಗಳು ಎದುರಾಳಿಯನ್ನು ಎತ್ತಿ ಒಗೆದಾಗ ತಾನೂ ನೋಡಿರಲಿಲ್ಲ ಎಂಬುದು ಆತನಿಗೆ ಆಗ ಹೊಳೆಯಿತು. ಕೊರಳಿನಲ್ಲಿ ನೇತಾಡುತ್ತಿದ್ದ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟ.

‘ನಿಮ್ಮ ಕೂಡ ನಾನೂ ಬರತೇನ್ರಿ ಕಾಕಾ’ ಎಂದ. ‘ಬರೇ ಕೈಲೆ.’